ಗುಬ್ಬಕ್ಕ ನಿಂತ ಜಾಗ

ಎಕ್ಸ್‌ರೇ ಕೋಣೆಯ ಎಲುಬಣ್ಣನಿಗೆ ಆ ಹೆಸರು ಅಂಟಿಕೊಂಡದ್ದಕ್ಕೆ ಎರಡು ಕಾರಣ. ಒಂದು, ಮೂವತ್ತೊಂದು ವರ್ಷದಿಂದ ಊರಿನವರ ಎಲುಬಿನ ಫೋಟೋ ತೆಗೆಯುವುದೇ ಅವನ ಕೆಲಸ. ಇನ್ನೊಂದು, ಅವನ ಪಕ್ಕೆಲುಬು ಎಣಿಸಲು ಯಂತ್ರವೇ ಬೇಕಿರಲಿಲ್ಲ, ಅಂಗಿಯ ಮೇಲಿಂದಲೇ ಎಣಿಸಬಹುದಿತ್ತು. ಹೆಸರಿಟ್ಟವರ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟು ನೆತ್ತಿಗೇರುತ್ತಿದ್ದದ್ದು ಸುರಕ್ಷತೆಯ ವಿಷಯದಲ್ಲಿ ಯಾರಾದರೂ ಉಡಾಫೆ ಮಾಡಿದಾಗ. ಬಾಗಿಲು ಒಂದು ಬೆರಳಿನಷ್ಟು ತೆರೆದಿದ್ದರೂ ದೊಡ್ಡ ಡಾಕ್ಟರೆಂದು ನೋಡದೆ ಗದರಿಬಿಡುತ್ತಿದ್ದ.

ಅವನ ಎದೆಯ ಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಬ್ಯಾಡ್ಜು. ಮೈಗೆ ಎಷ್ಟು ವಿಕಿರಣ ತಗಲಿತೆಂದು ಅದು ತನ್ನ ಪಾಡಿಗೆ ತಾನು ನೆನಪಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿದರೆ ಅಂಕಿ ಬರುತ್ತದೆ. ಎಲುಬಣ್ಣನ ಅಂಕಿ ಯಾವಾಗಲೂ ಸೊನ್ನೆ, ತಪ್ಪಿದರೆ ಸೊನ್ನೆಯ ಪಕ್ಕದ ಮನೆ. ಅದಕ್ಕೆಂದೇ ಕೊಟ್ಟ ಪ್ರಶಸ್ತಿಪತ್ರವನ್ನು ಅವನು ಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಆಮೇಲೆ ತರಬೇತಿ ಶಾಲೆಯಲ್ಲಿ ಸುರಕ್ಷತೆಯ ಪಾಠ ಹೇಳಲು ಅವನನ್ನೇ ಕರೆಯುತ್ತಾರೆಂಬ ಮಾತೂ ಇತ್ತು. ಮನೆಯಲ್ಲಿ ಹೆಂಡತಿಯ ಮುಂದೆ ಅದನ್ನು ದಿನಕ್ಕೆರಡು ಸಲ ಹೇಳಿ, "ಗೊತ್ತಾಯ್ತು, ಅನ್ನ ಆರ್ತಿದೆ" ಎಂದು ಬೈಸಿಕೊಳ್ಳುತ್ತಿದ್ದ.

ಆ ಸೊನ್ನೆ ಎಲ್ಲಿಂದ ಬಂತೆಂದು ಹೇಳಬೇಕಾದರೆ ಗುಬ್ಬಕ್ಕನ ವಿಷಯ ಹೇಳಬೇಕು.

ಗುಬ್ಬಕ್ಕ ನೆಲ ಒರೆಸುವವಳು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ, ಎದೆಯಲ್ಲಿ ಕಫ ಕಟ್ಟಿದ ಮಗುವೊಂದು ಯಂತ್ರದ ಮುಂದೆ ಕೈಕಾಲು ಬಡಿದು ಆಸ್ಪತ್ರೆಯನ್ನೇ ಎಬ್ಬಿಸುತ್ತಿತ್ತು. ತಾಯಿ ಮಗುವಿಗಿಂತ ಜೋರಾಗಿ ಅಳುತ್ತಿದ್ದಳು. ಬಕೆಟ್ ಹಿಡಿದು ಹೋಗುತ್ತಿದ್ದ ಇವಳು ಒಳಗೆ ಬಂದು, ಮಗುವಿನ ಎರಡೂ ತೋಳು ಹಿಡಿದು, ತುಟಿ ಮುಂದಕ್ಕೆ ಚಾಚಿ ಚಿವ್ ಚಿವ್ ಎಂದು ಗುಬ್ಬಿಯ ಹಾಗೆ ಕೂಗಿದಳು. ಮಗು ಬಾಯಿ ತೆರೆದು ನೋಡಿತು. "ಉಷ್, ಅಲ್ಲಾಡಿದ್ರೆ ಹಾರಿಹೋಗುತ್ತೆ" ಎಂದಳು. ಮಗು ಉಸಿರು ಹಿಡಿಯಿತು. ವಿಕಿರಣ ತಡೆಯುವ ಸೀಸದ ಗಾಜು ಕೂರಿಸಿದ ಮರೆಯ ಹಿಂದೆ ನಿಂತಿದ್ದ ಎಲುಬಣ್ಣ ಗುಂಡಿ ಒತ್ತಿದ. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು.

ಅವತ್ತಿನಿಂದ ಯಾವ ಮಗು ಬಂದರೂ ಅವನು ಬಾಗಿಲಿಂದ ತಲೆ ಹಾಕಿ "ಗುಬ್ಬಕ್ಕಾ" ಎಂದು ಕೂಗುವುದು, ಅವಳು ಕೈ ಒರೆಸಿಕೊಂಡು ಓಡಿ ಬರುವುದು. ಸೀಸದ ಏಪ್ರನ್ ಹಾಕಿಕೊಂಡರೆ ಮಕ್ಕಳು ಹೆದರುತ್ತವೆ, ಭಾರಕ್ಕೆ ಸೊಂಟ ಹಿಡಿದುಕೊಳ್ಳುತ್ತದೆ ಎಂದು ಅವಳು ಅದನ್ನು ಕೊಕ್ಕೆಯಲ್ಲೇ ಬಿಡುತ್ತಿದ್ದಳು. ದೊಡ್ಡ ಡಾಕ್ಟರನ್ನು ಗದರುತ್ತಿದ್ದ ಬಾಯಿ ಅಲ್ಲಿ ಮಾತ್ರ ತೆರೆಯುತ್ತಿರಲಿಲ್ಲ. ಕೆಲಸ ಬೇಗ ಮುಗಿಯುತ್ತಿತ್ತಲ್ಲ.

ಅವಳಿಗೆ ಬ್ಯಾಡ್ಜಿರಲಿಲ್ಲ. ವಿಕಿರಣದ ಕೆಲಸದವರಿಗೆ ಮಾತ್ರ ಬ್ಯಾಡ್ಜು. ಅವಳು ನೆಲದ ಕೆಲಸದವಳು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಆರು ತಿಂಗಳ ಹಿಂದೆ ಮೇಲಿನ ಕಚೇರಿಯಿಂದ ಒಂದು ಫಲಕ ಬಂತು. ಅಲುಗಾಡುವ ರೋಗಿಯನ್ನು ಸಿಬ್ಬಂದಿ ಹಿಡಿಯಕೂಡದು, ಮನೆಯವರೇ ಏಪ್ರನ್ ತೊಟ್ಟು ಹಿಡಿಯಬೇಕು, ಒಬ್ಬರನ್ನೇ ಪದೇಪದೇ ನಿಲ್ಲಿಸಕೂಡದು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ಎಲುಬಣ್ಣ ಸ್ಟೂಲು ಹತ್ತಿ ಮೊಳೆ ಹೊಡೆದ. ಕೆಳಗೆ ನಿಂತು ಒಂದೊಂದೇ ಮೊಳೆ ಎತ್ತಿ ಕೊಟ್ಟವಳು ಗುಬ್ಬಕ್ಕ.

"ಏನಣ್ಣ ಬರ್ದಿರೋದು?" ಎಂದಳು. ಓದು ಅವಳಿಗೆ ಅಷ್ಟಕ್ಕಷ್ಟೆ.

"ಬಾಗಿಲು ಹಾಕ್ಕೋಬೇಕು ಅಂತ," ಎಂದ ಎಲುಬಣ್ಣ. ಹೇಳಿದ ಮೇಲೆ ಸ್ಟೂಲಿನಿಂದ ಇಳಿಯಲು ಅವನಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಮೊಳೆ ಹೊಡೆದದ್ದು ಗೋಡೆಗೆ, ನೆಟ್ಟದ್ದು ಅವನ ಎದೆಗೆ. ಎರಡು ದಿನ ಒದ್ದಾಡಿ, ಹೊಸ ಬ್ಯಾಡ್ಜು ಬಂದ ಬೆಳಿಗ್ಗೆ ಅದನ್ನು ಗುಬ್ಬಕ್ಕನ ಕೈಗಿಟ್ಟ. "ಮೂರು ತಿಂಗಳು ನೀನು ಹಾಕ್ಕೋ. ಕೋಟಿನ ಒಳಗಡೆ, ಯಾರಿಗೂ ಕಾಣಬಾರದು. ಎಷ್ಟು ಬರುತ್ತೆ ನೋಡೋಣ," ಎಂದ. ಒಬ್ಬರ ಬ್ಯಾಡ್ಜು ಇನ್ನೊಬ್ಬರು ಹಾಕುವಂತಿಲ್ಲ. ಅದೂ ತಪ್ಪೇ. ಅವಳಿಗೊಂದು ಬ್ಯಾಡ್ಜು ಕೇಳಿ ಅರ್ಜಿ ಬರೆಯುವುದು ಸರಿಯಾದ ದಾರಿ. ಆದರೆ ಅರ್ಜಿ ಬರೆದರೆ ಇಷ್ಟು ವರ್ಷ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಬರುತ್ತದೆ. ಪುಕ್ಕಲರ ಬುದ್ಧಿ ಓಡುವುದೇ ಹೀಗೆ, ತಪ್ಪು ಸರಿಮಾಡಲು ಹೊರಟರೂ ಹಿತ್ತಿಲ ಬಾಗಿಲನ್ನೇ ಹುಡುಕುತ್ತದೆ.

ಗುಬ್ಬಕ್ಕನಿಗೆ ಮಾತ್ರ ಅದು ಹಬ್ಬ. ಎಲುಬಣ್ಣ ಎದುರು ಸಿಕ್ಕಾಗಲೆಲ್ಲ ನೀಲಿ ಕೋಟಿನ ಅಂಚು ಸರಿಸಿ, ಬ್ಯಾಡ್ಜು ತೋರಿಸಿ ನಗುತ್ತಿದ್ದಳು. ಮೂರು ತಿಂಗಳು ಮುಗಿದು ಅದನ್ನು ಪ್ರಯೋಗಾಲಯಕ್ಕೆ ಕಳಿಸಿದ ಮೇಲೆ, "ಬಂತಾ ಅಣ್ಣ ನಂದು?" ಎಂದು ಪರೀಕ್ಷೆ ಬರೆದ ಮಗಳ ಹಾಗೆ ಕೇಳುತ್ತಿದ್ದಳು.

ಬಂದಿತ್ತು. ವಿಕಿರಣದ ಅಳತೆಯಲ್ಲಿ ಪಾಯಿಂಟ್ ಒಂಬತ್ತು ಮಿಲಿಸೀವರ್ಟ್. ಮೂರು ತಿಂಗಳಿಗೆ ಅಷ್ಟಾದರೆ ವರ್ಷಕ್ಕೆ ಮೂರೂವರೆಗೂ ಮಿಕ್ಕು. ಎಲುಬಣ್ಣನಿಗಾದರೆ ಅದು ಲೆಕ್ಕಕ್ಕೇ ಇಲ್ಲ, ಅವನ ಕೆಲಸದವರಿಗೆ ವರ್ಷಕ್ಕೆ ಇಪ್ಪತ್ತರವರೆಗೆ ಮಿತಿ. ಆದರೆ ಹೊರಗಿನ ಜನಸಾಮಾನ್ಯರಿಗೆ ಮಿತಿ ಒಂದೇ ಒಂದು. ನಿಯಮದ ಪ್ರಕಾರ ಗುಬ್ಬಕ್ಕ ಹೊರಗಿನವಳು. ಅದೇ ಅಂಕಿ ಅವನ ಹೆಸರಿಗೆ ಏನೂ ಅಲ್ಲ, ಅವಳ ಹೆಸರಿಗೆ ಮಿತಿಯ ಮೂರೂವರೆ ಪಟ್ಟಿಗೂ ಹೆಚ್ಚು. ಎಲುಬಣ್ಣ ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟ. "ಇನ್ನೂ ಬಂದಿಲ್ಲ," ಎಂದ ಅವಳಿಗೆ.

ಮುಂದಿನ ವಾರ ವಿಕಿರಣ ಸುರಕ್ಷತೆ ನೋಡಲು ಮೇಲಿನ ಕಚೇರಿಯಿಂದ ತಪಾಸಣೆ ಮೇಡಂ ಬಂದರು. ಅವನ ಮಗಳ ವಯಸ್ಸಿನವರು, ಮಾತು ಕಡಿಮೆ. ಬಾಗಿಲು ನೋಡಿದರು, ಕೆಂಪು ದೀಪ ನೋಡಿದರು, ಏಪ್ರನ್ ಬೆಳಕಿಗೆ ಹಿಡಿದು ಬಿರುಕಿದೆಯೇ ಎಂದು ಸವರಿದರು. "ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ, ಹೊಸದರ ಹಾಗಿದೆ," ಎಂದರು. ಅದು ಹೊಸದರ ಹಾಗೆ ಯಾಕಿದೆ ಎಂದು ಎಲುಬಣ್ಣನಿಗಲ್ಲದೆ ಇನ್ಯಾರಿಗೆ ಗೊತ್ತು. ಆಮೇಲೆ ಅವರು ಬ್ಯಾಡ್ಜಿನ ಪಟ್ಟಿಯ ಮೇಲೆ ಬೆರಳಿಟ್ಟರು.

"ಇಷ್ಟು ವರ್ಷ ಸೊನ್ನೆ. ಈ ಸಲ ಪಾಯಿಂಟ್ ಒಂಬತ್ತು. ಏನಾಯ್ತು?"

ಗುಬ್ಬಕ್ಕ ಬಾಗಿಲ ಬಳಿ ನೆಲ ಒರೆಸುತ್ತಿದ್ದಳು. ಅವಳ ಕೈ ನಿಂತಿತು. ಗೋಡೆಯ ಪ್ರಶಸ್ತಿಪತ್ರ, ತರಬೇತಿ ಶಾಲೆಯ ಕರಿ ಹಲಗೆ, ಹೆಂಡತಿಯ ಮುಖ ಎಲ್ಲ ಒಟ್ಟಿಗೇ ಎಲುಬಣ್ಣನ ಕಣ್ಮುಂದೆ ಬಂದು ನಿಂತವು.

"ಮರೆತು ಬ್ಯಾಡ್ಜನ್ನ ಒಳಗಡೆ ಯಂತ್ರದ ಹತ್ರಾನೇ ಬಿಟ್ಟಿದ್ದೆ ಮೇಡಂ. ಅದರ ಮೇಲೆ ಬಿದ್ದಿರೋದು."

"ನೀವಾ?" ಎಂದರು ಮೇಡಂ, ನಂಬಲಾಗದೆ. "ಯಾರಾದ್ರೂ ನೋಡಿದಾರಾ?"

ಆಗ ಯಾರೂ ಕೇಳದೆಯೇ ಗುಬ್ಬಕ್ಕ ಬಾಯಿ ಬಿಟ್ಟಳು. "ಹೌದು ಮೇಡಂ. ನಾನೇ ನೋಡಿದೀನಿ. ಅಲ್ಲೇ ಕೊಕ್ಕೆಗೆ ನೇತಾಡ್ತಿತ್ತು. ನೆಲ ಒರೆಸ್ತಾ ದಿನಾ ನೋಡ್ತಿದ್ದೆ, ಹೇಳಬೇಕು ಅಂತ ಹೊಳೀಲಿಲ್ಲ."

ಮೇಡಂ ತಲೆಯಾಡಿಸಿ, ತಪ್ಪು ಅಂಕಿ, ಕೈಬಿಡುವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಅಧೀಕ್ಷಕರ ಕೋಣೆಗೆ ಹೋದರು.

ಎಲುಬಣ್ಣನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುಳ್ಳು ಹೇಳಿದ್ದಕ್ಕಲ್ಲ, ಸುಳ್ಳು ಅವನಿಗೆ ಹೊಸದಾಗಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಮೈಯನ್ನು ಯಾರಾದರೂ ಅಳೆದದ್ದು ಆ ಮೂರೇ ತಿಂಗಳು. ಅದನ್ನೂ ಅವನು ಅವಳ ಬಾಯಿಂದಲೇ ಹೊಡೆದು ಹಾಕಿಸಿದ್ದ. ನಾಚಿಕೆಯಿಂದ ಅವನ ಮೈ ಹಿಡಿಯಷ್ಟಾಯಿತು.

ಗುಬ್ಬಕ್ಕ ಬಟ್ಟೆ ಹಿಂಡುತ್ತಾ ತಗ್ಗಿದ ದನಿಯಲ್ಲಿ ಕೇಳಿದಳು. "ಹಾಗಾದ್ರೆ ಬಂದಿತ್ತಾ ಅಣ್ಣ ನಂದು? ಪಾಯಿಂಟ್ ಒಂಬತ್ತಾ?"

"ಹೂಂ."

"ಜಾಸ್ತೀನಾ?"

"ನನಗಾದ್ರೆ ಕಮ್ಮಿ," ಎಂದ ಎಲುಬಣ್ಣ. ಅವಳ ಬಕೆಟ್ಟನ್ನು ನೋಡುತ್ತಾ ಮುಂದುವರಿಸಿದ. "ನಿನಗೆ ಜಾಸ್ತಿ."

ಗುಬ್ಬಕ್ಕ ನಕ್ಕಳು. ವ್ಯಂಗ್ಯವೇನಿಲ್ಲ, ನಿಜಕ್ಕೂ ತಮಾಷೆ ಅನ್ನಿಸಿ ನಕ್ಕಳು. "ಅದ್ಹೇಗಣ್ಣ? ನಿಮ್ಮ ಮೈ ಬೇರೆ, ನನ್ನ ಮೈ ಬೇರೆಯಾ?"

ನಿಯಮ ಯಾಕೆ ಹಾಗಿದೆ ಎಂದು ಅವನಿಗೆ ಗೊತ್ತಿತ್ತು. ಅಪಾಯ ಗೊತ್ತಿದ್ದು, ಸಂಬಳ ಪಡೆದು, ಬ್ಯಾಡ್ಜು ಹಾಕಿಕೊಂಡು ನಿಲ್ಲುವವನ ಮಿತಿ ಬೇರೆ. ಏನೂ ಗೊತ್ತಿಲ್ಲದೆ ನಿಲ್ಲುವವರನ್ನು ಹೆಚ್ಚು ಕಾಯಬೇಕು, ಅದಕ್ಕೇ ಅವರ ಮಿತಿ ಚಿಕ್ಕದು. ತರಬೇತಿ ಶಾಲೆಯಲ್ಲಿ ಇದನ್ನೇ ಪಾಠ ಮಾಡಬೇಕೆಂದುಕೊಂಡಿದ್ದ. ಎದ್ದು ಅಧೀಕ್ಷಕರ ಕೋಣೆಗೆ ನಡೆದ. ಆ ಮೂವತ್ತು ಹೆಜ್ಜೆಯಲ್ಲಿ ಮೂರು ಸಲ ಹಿಂದಕ್ಕೆ ತಿರುಗಿದ ಎಂಬುದನ್ನೂ ಹೇಳಿಬಿಡಬೇಕು, ಅವನನ್ನು ಧೀರನೆಂದು ಯಾರೂ ತಿಳಿಯುವುದು ಬೇಡ.

"ಮೇಡಂ, ಆ ಪಾಯಿಂಟ್ ಒಂಬತ್ತು ಹೊಡೆದು ಹಾಕ್ಬೇಡಿ. ಅಂಕಿ ಸರಿ ಇದೆ. ಮೈ ಮಾತ್ರ ನನ್ನದಲ್ಲ."

ಅವನು ಎಲ್ಲ ಹೇಳುವವರೆಗೂ ಅವರು ನಡುವೆ ಬಾಯಿ ಹಾಕಲಿಲ್ಲ. ಅಧೀಕ್ಷಕರು ಮಾತ್ರ ಎರಡು ಸಲ ಕೆಮ್ಮಿದರು. ಬೈದಿದ್ದರೆ ಎಲುಬಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು. ಮೇಡಂ ಬೈಯಲಿಲ್ಲ, ಗುಬ್ಬಕ್ಕನನ್ನು ಕರೆಸಿ ಕೂರಿಸಿದರು.

"ನನ್ನ ಕೆಲಸ ಹೋಗುತ್ತಾ ಮೇಡಂ?" ಎಂಬುದು ಅವಳ ಮೊದಲ ಮಾತು.

"ನಿಮ್ಮದು ಹೋಗಲ್ಲ," ಎಂದರು ಮೇಡಂ. ಎಲುಬಣ್ಣನ ಕಡೆ ನೋಡಲಿಲ್ಲ. "ವೈದ್ಯರ ಹತ್ರ ಒಂದ್ಸಲ ತೋರಿಸ್ತೀವಿ. ಬಹುಶಃ ಏನೂ ಆಗಿರಲ್ಲ. ಆದ್ರೆ ಏನೂ ಆಗಿರಲ್ಲ ಅನ್ನೋದೇ ಬೇರೆ, ಗೊತ್ತಿರೋದೇ ಬೇರೆ."

ಒಂದು ಫಾರಮ್ಮನ್ನು ಎಲುಬಣ್ಣನ ಮುಂದೆ ತಳ್ಳಿ, "ನೀವೇ ತುಂಬಿ," ಎಂದರು. ಅವನು ತುಂಬಿದ. ಕೆಲಸ, ವಯಸ್ಸು, ವಿಕಿರಣದ ಬಳಿ ನಿಂತ ವರ್ಷಗಳು. ಹತ್ತೊಂಬತ್ತು ಎಂದು ಬರೆದ. ಅದರ ಕೆಳಗೆ ಇತ್ತು, ಇಲ್ಲಿಯವರೆಗೆ ಮೈಗೆ ತಗಲಿದ ಒಟ್ಟು ಪ್ರಮಾಣ. ಪೆನ್ನು ಅಲ್ಲಿ ನಿಂತುಬಿಟ್ಟಿತು. ಇದೇ ಸಾಲಿನಲ್ಲಿ ತನ್ನ ಹೆಸರಿಗೆ ಮೂವತ್ತೊಂದು ವರ್ಷದ್ದನ್ನು ಎರಡು ದಶಮಾಂಶದವರೆಗೆ ಬರೆಯಬಲ್ಲವನು ಅವನು. "ಮೂರು ತಿಂಗಳಿಗೆ ಪಾಯಿಂಟ್ ಒಂಬತ್ತು. ಉಳಿದದ್ದಕ್ಕೆ ಲೆಕ್ಕ ಇಟ್ಟಿಲ್ಲ" ಎಂದು ಬರೆದು ಸಹಿ ಹಾಕಿದ.

"ಏನಣ್ಣ ಬರ್ದಿರೋದು?" ಎಂದಳು ಗುಬ್ಬಕ್ಕ.

ಈ ಸಲ ಅವನು ಇದ್ದದ್ದನ್ನು ಇದ್ದ ಹಾಗೆ ಓದಿದ. ಅವಳು ಸ್ವಲ್ಪ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡಳು. ಆಮೇಲೆ, "ಎಷ್ಟು ಮಕ್ಕಳು ಅಂತ ನನಗೂ ನೆನಪಿಲ್ಲ ಬಿಡಿ," ಎಂದಳು. ಸಮಾಧಾನ ಮಾಡಲೆಂದೇ ಹಾಗೆಂದಳು. ಅವನಿಗೆ ಅದು ಕಪಾಳಕ್ಕೆ ಹೊಡೆದಂತಾಯಿತು.

ಅಷ್ಟರಲ್ಲಿ ಎಕ್ಸ್‌ರೇ ಕೋಣೆಯಿಂದ ಮಗುವೊಂದು ಕಿರುಚುವುದು ಕೇಳಿಸಿತು. ಗುಬ್ಬಕ್ಕ ಕಾಲಿನ ಅಭ್ಯಾಸಕ್ಕೆ ಎದ್ದು ಓಡಿದಳು, ಹಿಂದೆಯೇ ಎಲುಬಣ್ಣ, ಅವನ ಹಿಂದೆ ಮೇಡಂ. ಹೊಸ್ತಿಲಲ್ಲಿ ಅವಳು ತಾನಾಗಿಯೇ ನಿಂತಳು. ಒಳಗೆ ಹೋಗಬೇಕೋ ಬೇಡವೋ ತಿಳಿಯದೆ ಕೈಯನ್ನು ಕೋಟಿಗೆ ಒರೆಸುತ್ತಲೇ ಇದ್ದಳು.

ಎಲುಬಣ್ಣ ಏಪ್ರನ್ ತೆಗೆದು ಮಗುವಿನ ತಾಯಿಗೆ ತೊಡಿಸಿದ. ಹೇಗೆ ಹಿಡಿಯಬೇಕೆಂದು ತೋರಿಸಿದ. ಮಗು ಇನ್ನೂ ಜೋರು ಮಾಡಿತು. ಅವನು ಮರೆಯ ಹಿಂದೆ ಬಂದು ಗುಂಡಿಯ ಮೇಲೆ ಕೈಯಿಟ್ಟ, ಒತ್ತಲಾಗಲಿಲ್ಲ. ಆಗ ಮೇಡಂ ಗುಬ್ಬಕ್ಕನ ತೋಳು ಹಿಡಿದು ಮೆಲ್ಲಗೆ ಕರೆತಂದು ಅವನ ಪಕ್ಕದಲ್ಲೇ, ಸೀಸದ ಗಾಜಿನ ಈಚೆ ನಿಲ್ಲಿಸಿದರು. ಗುಬ್ಬಕ್ಕ ಗಾಜಿಗೆ ಮುಖ ಹತ್ತಿಸಿ, ತುಟಿ ಚಾಚಿ, ಚಿವ್ ಚಿವ್ ಎಂದಳು.

ಮಗು ತಿರುಗಿ ನೋಡಿತು.

"ಉಷ್, ಹಾರಿಹೋಗುತ್ತೆ," ಎಂದಳು. ಮಗು ಉಸಿರು ಹಿಡಿಯಿತು. ಎಲುಬಣ್ಣ ಗುಂಡಿ ಒತ್ತಿದ. ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿ ಬಂತು.

"ಇಲ್ಲಿಂದಾನೂ ಆಗುತ್ತಲ್ಲ ಅಣ್ಣ!" ಎಂದು ಗುಬ್ಬಕ್ಕ ಹಿಗ್ಗಿ ಅವನ ಕಡೆ ತಿರುಗಿದಳು. ಎಲುಬಣ್ಣ ಗಾಜಿನ ಮೇಲೆ ಅವಳ ಉಸಿರು ಮಾಡಿದ ಮಂಜನ್ನೇ ನೋಡುತ್ತಿದ್ದ. ಅವಳು ನಿಂತಿದ್ದ ಜಾಗ ಹತ್ತೊಂಬತ್ತು ವರ್ಷದಿಂದ ಅವನ ಪಕ್ಕದಲ್ಲಿ ಖಾಲಿಯೇ ಇತ್ತು.