ಶರ್ವಾಣಿಯ ಪಾಲಿನ ಮಾತು

ನನ್ನ ಗಂಡ ಜಯಸಿಂಹ ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕಾದಂಬರಿ ಬರೆದರು. ಬರೆಯಲಿ, ಸಂತೋಷ. ಆದರೆ ಅದರ ನಾಯಕಿ ಶರ್ವಾಣಿ ನಾನೇ ಎಂದು ಜಯನಗರದ ಪಾರ್ಕಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಇಡೀ ತರಗತಿಯನ್ನು ನಡುಗಿಸಿದವಳು ನಾನು. ಶರ್ವಾಣಿಯೋ, ಗಂಡ ತಿರುಮಲೇಶ ಕೆಮ್ಮಿದರೆ ಓಡಿಬಂದು ನಿಲ್ಲುವವಳು. ಸೋಮವಾರ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಆಮೇಲೆ ಊರಿಗೆಲ್ಲ ನಾನು ಆ ಬಾಯಿಲ್ಲದ ಹೆಂಗಸೇ. ನೆನೆದರೆ ಮೈ ಉರಿಯುತ್ತಿತ್ತು.

"ಅವಳಿಗೂ ನಾಲ್ಕು ಮಾತು ಕೊಡ್ರೀ" ಎಂದರೆ, "ಗಂಭೀರವಾದ ಹೆಣ್ಣು ಕಣೇ ಅವಳು, ವಟವಟ ಅನ್ನಲ್ಲ" ಎನ್ನುತ್ತಿದ್ದರು.

ಭಾನುವಾರ ಜೆ.ಪಿ. ನಗರದಲ್ಲಿ, ಇವರ ಹಳೆಯ ಸಹೋದ್ಯೋಗಿ ಏಕಾಂತಯ್ಯನವರ ಮನೆಯಲ್ಲಿ ಕೊನೆಯ ಓದು. ಅವರ ಮನೆಯ ಪದ್ಧತಿಯೇ ಬೇರೆ. ಕಾದಂಬರಿಯನ್ನು ನಾಟಕದ ಹಾಗೆ ಹಂಚಿಕೊಂಡು ಓದಬೇಕು. ಕಥೆಯ ಭಾಗ ಏಕಾಂತಯ್ಯನವರದು, ಗಂಡಸಿನ ಮಾತು ಗಂಡಸಿಗೆ, ಹೆಂಗಸಿನದು ಹೆಂಗಸಿಗೆ. ಆದರೆ ಅವತ್ತು ಇವರಿಗೆ ನೆಗಡಿ, ಗಂಟಲು ಕಟ್ಟಿತ್ತು. ತಿರುಮಲೇಶನೋ ಪುಟಗಟ್ಟಲೆ ಗುಡುಗುವವನು.

"ವಿಮಲಾ, ಅವನ ಮಾತು ನೀನೇ ಓದ್ಬಿಡು. ಶರ್ವಾಣೀದು ನಾನು ನೋಡ್ಕೋತೀನಿ. ಹೇಗೂ ಜಾಸ್ತಿ ಇಲ್ವಲ್ಲ," ಎಂದರು.

ತಾವು ಏನು ಹೇಳಿದೆವೆಂಬುದು ಅವರಿಗೆ ಹೊಳೆಯಲೇ ಇಲ್ಲ. ನಾನು ಕನ್ನಡಕ ಏರಿಸಿಕೊಂಡೆ.

ತಿರುಮಲೇಶನ ತಾಯಿ ತೀರಿಕೊಂಡ ಅಧ್ಯಾಯ ಅದು. ಸೋಫಾದ ಕೈ ಗುದ್ದಿ ಗುದ್ದಿ ಅಬ್ಬರಿಸಿದೆ. "ಯಾರೂ ಅಳಕೂಡದು! ಗಾಡಿಗೆ ಹೇಳಿ ಆಯಿತೇ? ಬಾಯಿ ಮುಚ್ಚಿಕೊಂಡು ಒಳಗೆ ಹೋಗು!" ನಿಜ ಹೇಳುತ್ತೇನೆ, ಭಾರಿ ಮಜಾ ಬಂತು. ಇವರು ಹಾಳೆಯ ಮೇಲೆ ಬೆರಳಿಟ್ಟು ತಮ್ಮ ಸರದಿಗೆ ಕಾಯುತ್ತಿದ್ದರು. ಬಂದಾಗ "ಹೂಂ" ಎಂದರು. ಮತ್ತೆರಡು ಪುಟ ಕಾದು, "ಬಿಸಿನೀರು ಕಾಯಿಸಿದ್ದೇನೆ" ಎಂದರು. ಮತ್ತೆ ಕಾದರು.

"ಏನ್ರೀ ಜಯಸಿಂಹ ಅವ್ರೇ," ಏಕಾಂತಯ್ಯ ಓದು ನಿಲ್ಲಿಸಿ ಕೇಳಿದರು, "ಅತ್ತೆಗೆ ಕೊನೇವರ್ಗೂ ಉಣ್ಸಿ, ಎಬ್ಸಿ, ಮಲಗ್ಸಿ ಮಾಡಿದ್ದು ಈ ಶರ್ವಾಣೀನೇ ಅಲ್ವಾ? ಸತ್ತಾಗ ಒಂದ್ ಮಾತೂ ಇಲ್ವಾ?"

"ಮುಂದೆ ಓದಿ," ಎಂದರು ಇವರು. ಮುಖ ಸಣ್ಣಗಾಗಿತ್ತು.

ಮುಂದಿನದು ತಿರುಮಲೇಶನ ಮಾತು: "ಅಳುವುದು ಹೆಂಗಸರ ಕೆಲಸ. ನಾನು ಗಂಡಸು." ಅದು ನನ್ನ ಬಾಯಿಂದ ಹೊರಡಲಿಲ್ಲ. ನಮ್ಮ ಅತ್ತೆ ಹೋದ ದಿನ ಇವರು ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ಜೋರಾಗಿ ತಿರುಗಿಸಿ, ಬಿಕ್ಕಿ ಬಿಕ್ಕಿ ಅತ್ತಿದ್ದರು. ಟವೆಲ್ ಹಿಡಿದು ಬಾಗಿಲ ಹೊರಗೆ ನಿಂತಿದ್ದವಳು ನಾನು. ಇವರು ಹೊರಗೆ ಬಂದು, ನನ್ನ ಮುಖ ನೋಡದೆ ಟವೆಲ್ ಕಿತ್ತುಕೊಂಡು, ಗಾಡಿಗೆ ಹೇಳಲು ಹೋದರು.

"ಇದನ್ನ ನಾನು ಓದಲ್ಲ ರೀ. ಸುಳ್ಳು ಅಂತ ನನಗೂ ಗೊತ್ತು, ನಿಮಗೂ ಗೊತ್ತು," ಎಂದೆ.

ಇವರು ಹಾಳೆ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ಆ ಒಡಕು ಗಂಟಲಿನಲ್ಲೇ, ಶರ್ವಾಣಿಯ ಮಾತು ಓದುವವರ ಹಾಗೆ ಮೆಲ್ಲಗೆ ಹೇಳಿದರು: "ಅಳ್ರೀ. ನನಗೂ ಅವರು ಅಮ್ಮನೇ ಆಗಿದ್ರು. ಇಬ್ಬರೂ ಕೂತು ಅಳೋಣ."

ಏಕಾಂತಯ್ಯ ಹಾಳೆ ತಿರುವಿ ಹುಡುಕಿದರು. "ಎಲ್ಲಿದೆ ಇದು? ನನ್ ಕಾಪೀಲಿ ಬರೀ 'ಹೂಂ' ಅಂತಿದೆ."

"ಇನ್ನೂ ಬರ್ದಿಲ್ಲ," ಎಂದು ಇವರು ಕಣ್ಣೊರೆಸಿಕೊಂಡರು. ಇನ್ನೊಬ್ಬರ ಎದುರಿಗೆ, ಹಾಡಹಗಲಲ್ಲಿ. ಎಷ್ಟು ಸಂತೋಷವಾಯಿತೆಂದರೆ ನಾನೂ ಅತ್ತುಬಿಟ್ಟೆ.

ಸೋಮವಾರ ಪುಸ್ತಕ ಅಚ್ಚಿಗೆ ಹೋಗಲಿಲ್ಲ. ಬೆಳಗ್ಗೆ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತವರು, ಅಡುಗೆಮನೆಯಲ್ಲಿದ್ದ ನನ್ನನ್ನು ಕರೆದರು.

"ವಿಮಲಾ, ಆವತ್ತು ಬಾಗಿಲ ಹೊರಗೆ ನಿಂತಿದ್ದಾಗ ನೀನು ಏನು ಹೇಳ್ಬೇಕು ಅಂತಿದ್ದೆ?"

ಇದನ್ನು ಅವರು ಎಂದಾದರೂ ಕೇಳುತ್ತಾರೆಂದು ನಾನು ನೆನೆಸಿರಲೇ ಇಲ್ಲ. ಸ್ಟವ್ ಆರಿಸಿ ಬಂದು ಕುರ್ಚಿ ಎಳೆದುಕೊಂಡೆ.

"ಬರ್ಕೊಳ್ಳಿ," ಎಂದೆ. "ತುಂಬಾ ಇದೆ."