ನೀಲಿ ಹತ್ತಿ

"ಲೇ ಗುಬ್ಬೀ, ಪಟ್ಟೀಲಿ ನಿನ್ನ ಹೆಸರೇ ಮೊದಲು ಕಣೇ! ಸಂಶೋಧನಾ ಸಹಾಯಕಿ! ನಾಳೆ ಸಂಜೆ ಬೋರ್ಡಿಗೆ ಹಾಕ್ತಾರೆ, ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡ!"

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಚಿಕ್ಕಮ್ಮ ಗುಟ್ಟನ್ನು ಫೋನಿನಲ್ಲಿ ಕಿರುಚಿಯೇ ಹೇಳುತ್ತಿದ್ದಳು. ಎರಡು ವರ್ಷ ಪ್ರಯೋಗಾಲಯದ ಗಾಜಿನ ಪಾತ್ರೆ ತೊಳೆದಿದ್ದ ಗುಬ್ಬಿ ಈಗ ಕುಣಿದಾಡಬೇಕಿತ್ತು. ಆದರೆ ಅವಳ ಕಣ್ಣು ಮೇಜಿನ ಮೇಲೇ ನೆಟ್ಟಿತ್ತು.

"ಯಾಕೇ, ಸದ್ದೇ ಇಲ್ಲ? ಖುಷಿಗೆ ಮೂರ್ಛೆ ಹೋದ್ಯಾ?"

"ಆಮೇಲೆ ಫೋನ್ ಮಾಡ್ತೀನಿ ಚಿಕ್ಕಮ್ಮಾ."

ಅವಳೆದುರು ಕಿರುಬೆರಳುದ್ದದ ನಲವತ್ತು ಟ್ಯೂಬುಗಳಿದ್ದವು. ಒಂದರ ಮೇಲೂ ನಂಬರಿರಲಿಲ್ಲ.

ಅದು ನಲವತ್ತು ಬಾವಿಗಳ ನೀರು. ಯಾವ ಬಾವಿಯಲ್ಲಿ ವಿಷವಿದೆ ಎಂದು ನೋಡಲು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಊರೂರು ಅಲೆದು ತಂದದ್ದು. ನಿನ್ನೆ ಅದನ್ನು ಹೊಸ ಟ್ಯೂಬುಗಳಿಗೆ ತುಂಬಿದವಳು ಗುಬ್ಬಿ. ಸುಲಭವಾಗಿ ಅಳಿಯದ ಕಪ್ಪು ಮಾರ್ಕರ್ ಕೈಗೆ ಸಿಗದೆ ಬ್ಯಾಗಿನಲ್ಲಿದ್ದ ನೀಲಿ ಪೆನ್ನಿನಲ್ಲೇ ನಂಬರು ಬರೆದಿದ್ದಳು. ನೀರು ತಂದಿದ್ದ ಹಳೆಯ ಬಾಟಲಿಗಳನ್ನು ಅಭ್ಯಾಸಬಲದಿಂದ ಫಳಫಳ ತೊಳೆದಿಟ್ಟವಳೂ ಅವಳೇ. ಈಗ, ಮೇಡಂ ಮೆಚ್ಚಲಿ ಎಂದು ಟ್ಯೂಬುಗಳನ್ನು ಮೂರು ನಾಲ್ಕು ಒಟ್ಟಿಗೆ ತೆಗೆದು ಸ್ಪಿರಿಟ್‌ನಿಂದ ಒರೆಸಿದ್ದಳು. ನಂಬರೆಲ್ಲ ಅಳಿಸಿಹೋಗಿ, ಒರೆಸಿದ ಹತ್ತಿ ನೀಲಿಯಾಗಿತ್ತು.

"ಏನಮ್ಮಾ, ಮದುಮಗಳಿಗೆ ಮಾಡಿದ ಹಾಗೆ ಸಿಂಗಾರ ನಡೀತಿದೆ?" ಫ್ರಿಡ್ಜು ನೋಡಿಕೊಳ್ಳುವ ಟೆಕ್ನಿಷಿಯನ್ ಬಾಗಿಲಲ್ಲಿ ಇಣುಕಿದ.

ಗುಬ್ಬಿ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಹೂಂ ಅಣ್ಣಾ, ಮುಗೀತು."

ಅವನು ನಗುತ್ತಾ ಹೋದ. ಗುಬ್ಬಿ ಮತ್ತೆ ಟ್ಯೂಬುಗಳತ್ತ ತಿರುಗಿದಳು.

ಸಾಲಾಗಿಯೇ ಇಟ್ಟಿದ್ದೆನಲ್ಲ? ಹೆಚ್ಚುಕಡಿಮೆ ಸಾಲಾಗಿಯೇ. ಈಗ ಬರೆದರೆ ಯಾರಿಗೆ ಗೊತ್ತಾಗುತ್ತೆ? ಕಪ್ಪು ಮಾರ್ಕರ್ ಹುಡುಕಿ ತಂದು ಒಂದು ಎಂದು ಬರೆದಳು. ಎರಡು ಎಂದೂ ಬರೆದಳು. ಮೂರನೆಯದನ್ನು ಎತ್ತಿ ಬೆಳಕಿಗೆ ಹಿಡಿದಳು. ಇದು ಮೂರೋ, ಐದೋ? ಯಾರೋ ಹೆಂಗಸು ಬಾವಿಗೆ ಕೊಡ ಇಳಿಸುತ್ತಿದ್ದಂತೆ, 'ನೀರು ಚೆನ್ನಾಗಿದೆ' ಎಂದು ತಾನೇ ಅವಳಿಗೆ ಹೇಳಿದಂತೆ ಕಣ್ಣಿಗೆ ಕಟ್ಟಿತು. ಬರೆದ ಎರಡನ್ನೂ ಉಜ್ಜಿ ಉಜ್ಜಿ ಅಳಿಸಿ, ಮೇಡಂಗೆ ಫೋನ್ ಮಾಡಿ ಒಂದೇ ಉಸಿರಿಗೆ ಎಲ್ಲ ಒದರಿದಳು.

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಮತ್ತೆ ನಂಬರ್ ಹಾಕಿದ್ಯಾ?"

"ಎರಡಕ್ಕೆ ಹಾಕಿದ್ದೆ ಮೇಡಂ... ಅಳಿಸಿಬಿಟ್ಟೆ."

"ಫ್ರಿಡ್ಜಲ್ಲಿಟ್ಟು ಬೀಗ ಹಾಕು. ಯಾರೂ ಮುಟ್ಟಬಾರದು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನನ್ನ ರೂಮಿಗೆ ಬಾ. ಆಯ್ಕೆ ಸಮಿತಿಯವರನ್ನೂ ಕರೀತೀನಿ."

"ಮೇಡಂ, ಹಾಗಾದ್ರೆ ಆ ಕೆಲಸ..."

"ಒಂಬತ್ತಕ್ಕೆ, ಅವರೆದುರೇ ಮಾತಾಡೋಣ. ಆ ನೀಲಿ ಹತ್ತೀನೂ ತಗೊಂಡು ಬಾ."