ಮುಂದಿನ ಚಕ್ರದ ಬೆನ್ನು ಹತ್ತಿ

ಕನ್ನಡಕದ ಅಂಗಡಿಯಲ್ಲಿ ದಿನವಿಡೀ "ಈ ಗಾಜು ಚೆನ್ನಾಗಿ ಕಾಣುತ್ತಾ, ಆ ಗಾಜಾ?" ಎಂದು ಕೇಳುತ್ತಾ ಕೂರುವ ಅತ್ತಿಗೆಗೆ ನಲವತ್ತೊಂದನೇ ವಯಸ್ಸಿನಲ್ಲಿ ಸೈಕಲ್ ಹುಚ್ಚು ಹಿಡಿದದ್ದು ಮನೆಯವರ ಕಣ್ಣಿಗೆ ತಡವಾಗಿ ಬಿತ್ತು. ಊಟದ ಮೇಜಿನ ಪಕ್ಕ ಕಬ್ಬಿಣದ ಉರುಳೆಗಳ ಮೇಲೆ ಸೈಕಲ್ ಏರಿಸಿ ನಿಂತಲ್ಲೇ ತುಳಿಯತೊಡಗಿದಾಗ ಗಂಡ ಪೇಪರಿನಿಂದ ತಲೆಯೆತ್ತಿದ.

"ಅರ್ಧ ಗಂಟೆಯಿಂದ ತುಳೀತಿದ್ದೀಯ, ಇನ್ನೂ ಅಡುಗೆಮನೆ ಬಾಗಿಲೂ ದಾಟಿಲ್ವಲ್ಲೇ."

"ನೀವು ಹದಿನೆಂಟು ವರ್ಷದಿಂದ ಅದೇ ಕುರ್ಚೀಲಿದ್ದೀರಿ. ನಾನೇನಾದ್ರೂ ಕೇಳಿದ್ನಾ?"

ಗಂಡ ಪೇಪರಿನೊಳಗೆ ಮರಳಿದ.

ಈ ಸಾಹಸದ ಗುರು ಗಂಡನ ತಂಗಿ, ಡ್ರೈವಿಂಗ್ ಶಾಲೆಯ ಮೇಡಂ. ನಡುಗುವ ಕೈಗಳಿಗೆ ಸ್ಟೀರಿಂಗ್ ಹಿಡಿಸಿ ಹಿಡಿಸಿ ಅವಳ ಗಂಟಲು ಗಟ್ಟಿಯಾಗಿತ್ತು. ಅದೇ ಗಂಟಲಿನಿಂದ ಯಾರನ್ನು ಬೇಕಾದರೂ ಅಣಕಿಸುತ್ತಿದ್ದಳು. ಸೈಕಲ್ ಕ್ಲಬ್ಬಿನ ಕಾರ್ಯದರ್ಶಿಯಂತೂ ಅವಳ ಬಾಯಿಗೆ ಹೇಳಿ ಮಾಡಿಸಿದ ಮನುಷ್ಯ. ಕುತ್ತಿಗೆಯಲ್ಲಿ ಸದಾ ಸೀಟಿ, ಮಾತೆಲ್ಲ ಮೂಗಿನಿಂದ.

"ಗಮನಿಸಿ, ಮಹಿಳೆಯರೇ, ಗಮನಿಸಿ," ನಾದಿನಿ ಮೂಗು ಹಿಡಿದುಕೊಂಡು ಶುರುಮಾಡಿದಳು. "ಈ ವರ್ಷದ ತಂಡದ ಸ್ಪರ್ಧೆಗೆ ನಾಲ್ಕು ಜನ ಬೇಕೇ ಬೇಕು. ನಾಲ್ವರೂ ಮೂರು ಬಗೆಯ ರೇಸನ್ನೂ ಪೂರ್ತಿ ಮುಗಿಸಿರಬೇಕು. ಮೂರೂಮುಕ್ಕಾಲು ಜನರ ತಂಡವನ್ನು ನಾನು ಕಳಿಸುವಂತಿಲ್ಲ."

ಕ್ಲಬ್ಬಿನಲ್ಲಿದ್ದದ್ದೇ ನಾಲ್ಕು ಹೆಂಗಸರು. ಟೀಚರ್, ನರ್ಸ್, ಟೈಲರ್ ಮೂವರೂ ಹಿಂದಿನ ವರ್ಷವೇ ಮೂರನ್ನೂ ಮುಗಿಸಿ ಕೂತಿದ್ದರು. ನಾಲ್ಕನೆಯವಳು ಅತ್ತಿಗೆ. ಅವಳೊಬ್ಬಳು ಮುಗಿಸದಿದ್ದರೆ ನಾಲ್ವರೂ ಮನೆಯಲ್ಲೇ. ಆ ಮೂವರು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಬದಲಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ "ಕಾಲು ಹೇಗಿದೆ?" ಎಂದು ವಿಚಾರಿಸುತ್ತಿದ್ದರು.

ಮೊದಲನೆಯದು ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ರೇಸು. ಅದಕ್ಕೆ ಉರುಳೆಗಳ ಮೇಲಿನ ತಪಸ್ಸು ಸಾಕಾಯಿತು. ಅತ್ತಿಗೆ ಗದ್ದವನ್ನು ಹ್ಯಾಂಡಲ್ಲಿಗೆ ತಾಗಿಸಿ, ಮೊಣಕೈ ಮಡಚಿ, ಗಾಳಿಗೆ ಗುರುತು ಸಿಗದಂತೆ ಮುದುಡಿಕೊಂಡು ಹೋಗಿ ಬಂದಳು. ಎರಡನೆಯದು ಏರುದಾರಿಯ ಉದ್ದ ರೇಸು. ಊರಿನಲ್ಲಿ ಗುಡ್ಡವೇ ಇಲ್ಲದ್ದರಿಂದ ಆರು ಮಹಡಿಯ ಕಾರು ನಿಲ್ಲಿಸುವ ಕಟ್ಟಡವೇ ಗುಡ್ಡವಾಯಿತು. ಬೆಳಿಗ್ಗೆ ಎಂಟು ಸಲ ಅದರ ಇಳಿಜಾರು ಹತ್ತುತ್ತಿದ್ದವಳನ್ನು ನೋಡಿ ಕಾವಲುಗಾರ ಕೊನೆಗೂ ಕೇಳಿದ: "ಎಲ್ಲೂ ಜಾಗ ಸಿಗ್ಲಿಲ್ವೇನಮ್ಮ?" ಆ ರೇಸೂ ಮುಗಿಯಿತು. ಹಿಂದಿನಿಂದ ಎರಡನೆಯವಳಾಗಿ, ಆದರೂ ಮುಗಿಯಿತು.

ಮೂರನೆಯದು ಪೇಟೆಬೀದಿಯ ಸುತ್ತುರೇಸು. ನಾಲ್ಕು ಬೀದಿ ಸೇರಿ ಒಂದು ಸುತ್ತು, ಅಂಥವು ಹದಿನೈದು. ಮುಂದಿನವರು ಹಿಂದಿನಿಂದ ಸುತ್ತಿ ಬಂದು ನಿಮ್ಮನ್ನು ಹಿಡಿದರೋ, ಕಾರ್ಯದರ್ಶಿಯ ಸೀಟಿ ಕೂಗುತ್ತದೆ, ನೀವು ಇಳಿಯಬೇಕು.

"ಗುಂಪಿನ ಗಾಳಿಮರೇಲಿ ಇದ್ರೆ ಅರ್ಧ ಶ್ರಮ ಉಳಿಯುತ್ತೆ ಅತ್ತಿಗೆ," ಎಂದಳು ನಾದಿನಿ. "ಮುಂದಿರೋರ ಚಕ್ರ ಬಿಡ್ಬೇಡಿ. ಭೂಮಿ ಬಾಯ್ಬಿಟ್ರೂ ಬಿಡ್ಬೇಡಿ."

ಅವಳು ಸ್ಕೂಟರಿನಲ್ಲಿ ಮುಂದೆ, ಅತ್ತಿಗೆ ಒಂದು ಮೊಳ ಹಿಂದೆ. ಐದು ವಾರ ಹೀಗೇ ನಡೆಯಿತು. ಅತ್ತಿಗೆಗೆ ಆ ಸ್ಕೂಟರಿನ ಹಿಂದಿನ ಟೈರಿನ ಗೆರೆಗಳು ತನ್ನ ಅಂಗೈ ಗೆರೆಗಳಿಗಿಂತ ಚೆನ್ನಾಗಿ ಬಾಯಿಪಾಠವಾದವು. ಒಮ್ಮೆ ನಾದಿನಿ ಪೆಟ್ರೋಲ್ ಬಂಕಿಗೆ ತಿರುಗಿದಾಗ ಅತ್ತಿಗೆಯೂ ಹಿಂದೆಯೇ ತಿರುಗಿ ಪಂಪಿನ ಮುಂದೆ ನಿಂತಳು. ನಾದಿನಿಗೆ ಹೆಮ್ಮೆಯಾಯಿತು. "ಇದಪ್ಪಾ ಶಿಸ್ತು," ಎಂದಳು. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು, ಇಬ್ಬರೂ.

ರೇಸಿನ ಬೆಳಿಗ್ಗೆ ಬೇರೆ ಕ್ಲಬ್ಬಿನವರೂ ಸೇರಿ ಇಪ್ಪತ್ತೆರಡು ಹೆಂಗಸರು ಒಟ್ಟಿಗೆ ಹೊರಟರು. ಅತ್ತಿಗೆ ಹಸಿರು ಕಾಲುಚೀಲದವಳೊಬ್ಬಳ ಹಿಂದಿನ ಚಕ್ರಕ್ಕೆ ಅಂಟಿಕೊಂಡಳು. ಎಂಟು ಸುತ್ತು ಬೆಣ್ಣೆಯಂತೆ ಸರಿದವು. ಗಾಳಿಯಿಲ್ಲ, ಆಯಾಸವಿಲ್ಲ, ಯೋಚನೆಯೂ ಇಲ್ಲ. ಒಂಬತ್ತನೆಯದರಲ್ಲಿ ಔಷಧದಂಗಡಿಯ ಮೂಲೆಗೆ ಬಂದಾಗ ಗುಂಪು ಬಲಕ್ಕೆ ತಿರುಗಿತು, ಹಸಿರು ಕಾಲುಚೀಲ ಎಡಕ್ಕೆ. ಚಕ್ರ ಎಡಕ್ಕೆ ಹೋಯಿತು, ಅತ್ತಿಗೆಯೂ ಹೋದಳು. ಗಲ್ಲಿ ದಾಟಿ, ಒಂದು ಗೇಟಿನೊಳಗೆ ನುಗ್ಗಿ, ಬಟ್ಟೆ ಒಣಗಿಸಿದ ಹಗ್ಗದ ಕೆಳಗೆ ಬಗ್ಗಿ, ಅಂಗಳದಲ್ಲಿ ಗಕ್ಕನೆ ನಿಂತರು.

ಹಸಿರು ಕಾಲುಚೀಲ ಹೆಲ್ಮೆಟ್ ತೆಗೆದು ತಿರುಗಿ ನೋಡಿ ಬೆಚ್ಚಿದಳು.

"ನೀವ್ಯಾರ್ರೀ?"

"ನೀವೆಲ್ಲಿಗೆ ಬಂದ್ರಿ?"

"ನನ್ನ ಮನೆಗೆ. ಸಾಕಾಯ್ತು, ಬಿಟ್ಟೆ. ನಿಮಗ್ಯಾರು ಬರಕ್ಕೆ ಹೇಳಿದ್ದು?" ಆಮೇಲೆ ಕನಿಕರದಿಂದ, "ನೀರು ಕುಡೀತೀರಾ?" ಎಂದಳು.

ನೀರು ಕುಡಿಯುವಷ್ಟು ಹೊತ್ತೆಲ್ಲಿತ್ತು? ಅತ್ತಿಗೆ ಒದ್ದೆ ಟವೆಲೊಂದನ್ನು ತಲೆಯಿಂದ ಕಿತ್ತೆಸೆದು, ಬಂದ ದಾರಿಯಲ್ಲೇ ಹಿಂದಕ್ಕೆ ಹಾರಿ, ತಪ್ಪಿದ ಮೂಲೆಯಲ್ಲೇ ರೇಸಿಗೆ ಸೇರಿಕೊಂಡಳು. ಬೀದಿ ಬರಿದಾಗಿತ್ತು. ಗುಂಪು ಆಗಲೇ ಅರ್ಧ ಸುತ್ತು ಮುಂದಿತ್ತು. ಸುತ್ತುರೇಸಿನ ಲೆಕ್ಕದಲ್ಲಿ ಅರ್ಧ ಸುತ್ತು ಮುಂದೆ ಎಂದರೆ ಅರ್ಧ ಸುತ್ತು ಹಿಂದೆಯೇ ಅಟ್ಟಿಕೊಂಡು ಬರುತ್ತಿದೆ ಎಂದೂ ಆಯಿತು.

ಆರಂಭದ ಗೆರೆಯ ಬಳಿ ನಾದಿನಿಯ ಮುಖ ಕಾಗದದಂತಾಗಿತ್ತು. "ಎಲ್ಲಿಗೆ ಹೋಗಿದ್ರಿ?"

"ನೆಂಟರ ಮನೆಗೆ," ಎಂದು ಅರಚಿ ಅತ್ತಿಗೆ ದಾಟಿಹೋದಳು.

ಈಗ ನೋಡಲು ಚಕ್ರವಿಲ್ಲ. ಎದುರಿಗೆ ಗಾಳಿ ಮಾತ್ರ, ಅದೂ ಎದೆಗೆ ಕೈಯೊಡ್ಡಿ ತಳ್ಳುವ ಗಾಳಿ. ಐದು ವಾರದಲ್ಲಿ ಮೊದಲ ಸಲ ತಲೆಯೆತ್ತಿದ ಅತ್ತಿಗೆಗೆ ತಿರುವುಗಳು ಕಂಡವು: ಎಲ್ಲಿ ರಸ್ತೆ ಅಗಲ, ಎಲ್ಲಿ ಚರಂಡಿಯ ಮುಚ್ಚಳ, ಎಲ್ಲಿ ಬ್ರೇಕ್ ಹಿಡಿಯದೆಯೇ ಹಾಯಬಹುದು. ಹತ್ತು, ಹನ್ನೊಂದು, ಹನ್ನೆರಡು. ಹದಿಮೂರನೆಯದರಲ್ಲಿ ಹಿಂದಿನಿಂದ ಸರಪಳಿಗಳ ಗಿರಗಿರ ಕೇಳತೊಡಗಿತು. ಹದಿನಾಲ್ಕರ ಕೊನೆಯ ನೇರ ಬೀದಿಯಲ್ಲಿ ಕಾರ್ಯದರ್ಶಿ ಸೀಟಿಯನ್ನು ತುಟಿಗಿಟ್ಟು ಕೆನ್ನೆ ಉಬ್ಬಿಸಿದ್ದು ಸ್ಪಷ್ಟವಾಗಿ ಕಂಡಿತು. ಅತ್ತಿಗೆ ಸೀಟಿನಿಂದೆದ್ದು ಮೈಯೆಲ್ಲ ಪೆಡಲಿಗೆ ಸುರಿದಳು. ಅವಳು ಗೆರೆ ದಾಟಿದ ಮೇಲೆ, ಎರಡೇ ಸೈಕಲ್ಲಿನಷ್ಟು ಹಿಂದೆ, ಮೊದಲ ಸ್ಥಾನದವಳು ಎರಡೂ ಕೈಯೆತ್ತಿ ರೇಸು ಮುಗಿಸಿದಳು. ಕೆನ್ನೆಯ ಗಾಳಿ ಕೆನ್ನೆಯಲ್ಲೇ ಉಳಿಯಿತು.

ಅತ್ತಿಗೆಗೆ ಇನ್ನೂ ಒಂದು ಸುತ್ತು ಬಾಕಿಯಿತ್ತು.

ಬೀದಿಯಲ್ಲಿ ಜನ ಚದುರುತ್ತಿದ್ದರು. ಮೊದಲ ಮಹಡಿಯ ಕಿಟಕಿಯಿಂದ ಅಜ್ಜಿಯೊಬ್ಬರು ಬಗ್ಗಿ, "ಎಲ್ಲಾ ಮುಗೀತಲ್ಲಮ್ಮ, ನೀನ್ಯಾಕೆ ಇನ್ನೂ?" ಎಂದರು.

"ನಂದು ಮುಗಿದಿಲ್ಲ ಅಜ್ಜಿ."

"ಹಾಗಾದ್ರೆ ಮಾತಾಡ್ಬೇಡ, ಹೋಗು ಹೋಗು."

ಗೆರೆಯ ಬಳಿ ಕೆಲಸದವರು ಬೀದಿಗೆ ಅಡ್ಡವಿಟ್ಟಿದ್ದ ಬ್ಯಾರಿಕೇಡುಗಳನ್ನು ಎತ್ತಲು ಬಂದಿದ್ದರು. ಟೀಚರ್ ಒಂದರ ಮೇಲೆ ಹತ್ತಿ ಕೂತಿದ್ದಳು, ನರ್ಸ್ ಇನ್ನೊಂದರ ಮೇಲೆ. ಟೈಲರ್ ಕಾರ್ಯದರ್ಶಿಯ ಮೇಜಿನ ಮೇಲೆ ಎರಡೂ ಕೈಯೂರಿ ನಿಂತಿದ್ದಳು, ಅದನ್ನು ಮಡಚಲು ಯಾರಿಗೂ ಧೈರ್ಯವಾಗದಂತೆ.

ಅತ್ತಿಗೆ ಗೆರೆ ದಾಟಿ ಹ್ಯಾಂಡಲಿನ ಮೇಲೆ ತಲೆಯಿಟ್ಟಳು. ಕಾರ್ಯದರ್ಶಿ ಕೈಗಡಿಯಾರ ನೋಡಿ, ಪಟ್ಟಿ ನೋಡಿ, ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟ.

"ಕೊನೆಯ ಸ್ಥಾನ," ಎಂದ.

"ಬರೀರಿ," ಎಂದಳು ಟೈಲರ್. "ದಪ್ಪ ಅಕ್ಷರದಲ್ಲಿ ಬರೀರಿ."

ಅವನು ಬರೆಯುವವರೆಗೆ ನಾಲ್ವರೂ ಅವನ ಪೆನ್ನಿನ ತುದಿಯನ್ನೇ ನೋಡುತ್ತಾ ನಿಂತರು.